ಜೀಕಲ್ ಅವರ ಆಗಸ್ಟ್ ಹೂಗಳು

ನನ್ನ ಹಿತ್ತಿಲಲ್ಲಿ ಡೇಲಿಯಾ ಅರಳಿ, ನಾನು ಕ್ಯಾಮೆರಾ ಹಿಡಿದಾಗಲೆಲ್ಲ ನೆನಪಾಗುವವರು ಇಂಗ್ಲೆಂಡಿನ ತೋಟ ವಿನ್ಯಾಸಕಿ ಗರ್ಟ್ರೂಡ್ ಜೀಕಲ್. ಅಲ್ಲಿನ ಬೇಸಿಗೆಯ ಕೊನೆಗೆ, ಆಗಸ್ಟ್ ಹೊತ್ತಿಗೆ, ತೋಟ ಸೊರಗಲೇಬೇಕು ಎಂಬುದನ್ನು ಅವರು ಒಪ್ಪಲಿಲ್ಲ. ಸರ್ರೆಯ ಮನ್‌ಸ್ಟೆಡ್ ವುಡ್‌ನಲ್ಲಿ ಅವರ ಮನೆಯ ತೋಟದಲ್ಲಿ ಸುಮಾರು 200 ಅಡಿ ಉದ್ದದ ಹೂಪಾತಿ. ತುದಿಗಳಲ್ಲಿ ತಂಪು ನೀಲಿ, ಬೂದು, ನಡುವೆ ಡೇಲಿಯಾ, ಕಾಬಾಳೆಗಳ ಉರಿಗೆಂಪು. ಜಿಪ್ಸೋಫಿಲಾದ ಬಿಳಿ ಹೂ ಒಣಗಿ ಕಂದು ಬಣ್ಣಕ್ಕೆ ತಿರುಗಿದರೆ ಕೀಳುತ್ತಿರಲಿಲ್ಲ, ಅದರ ಮೇಲೆಯೇ ನಸ್ಟರ್ಷಿಯಂ ಬಳ್ಳಿ ಹಬ್ಬಿಸುತ್ತಿದ್ದರು. ಎಂಥ ಜಾಣ್ಮೆ!

ಅವರ ಕಣ್ಣು ತೀರ ಮಂದ. ಆದರೂ 1885ರಲ್ಲಿ ಫೋಟೊಗ್ರಫಿ ಕಲಿತು, ಚಿತ್ರಗಳನ್ನು ತಾವೇ ಸಂಸ್ಕರಿಸುತ್ತಿದ್ದರು. 1899ರ ‘ವುಡ್ ಅಂಡ್ ಗಾರ್ಡನ್’ ಪುಸ್ತಕದಲ್ಲಿರುವುದು ಅವರೇ ತೆಗೆದ ಕಪ್ಪುಬಿಳುಪು ಚಿತ್ರಗಳು. ಬಣ್ಣದ ಬಗ್ಗೆ ಅಷ್ಟು ಬರೆದವರ ಚಿತ್ರಗಳಲ್ಲಿ ಬಣ್ಣವೇ ಇಲ್ಲ. ಗಿಡದ ಆಕಾರ, ನೆರಳು ಮಾತ್ರ ಎದ್ದು ಕಾಣುತ್ತವೆ. ನೀವೂ ನಿಮ್ಮ ಹೂಗಳನ್ನು ಒಮ್ಮೆ ಕಪ್ಪುಬಿಳುಪಿನಲ್ಲಿ ತೆಗೆದು ನೋಡಿ.