ಕೈಕಾಲು ಜೋಮು ಹಾಗೂ ಚರ್ಮದ ಉರಿ: ಹೊಲದ ಕೆಲಸದಲ್ಲಿ ಅಡಗಿರುವ ಕಾರಣಗಳು



ಹೊಲದಿಂದ ಮನೆಗೆ ಮರಳಿದಾಗ ಮುಖ ಚುರುಗುಟ್ಟುವುದು, ಬೆರಳುಗಳು ಜುಮ್ಮೆನ್ನುವುದು, ಪಾದ ಮರಗಟ್ಟುವುದು ಅನೇಕರ ಅನುಭವ. ಮಧುಮೇಹ ಮತ್ತು ಬಿ12 ಜೀವಸತ್ವದ ಕೊರತೆ ಇದಕ್ಕೆ ಸಾಮಾನ್ಯ ಕಾರಣಗಳು. ವೈದ್ಯರು ಮೊದಲು ಇವುಗಳನ್ನೇ ಪರೀಕ್ಷಿಸುವುದು ಸಹಜ. ಆದರೆ ಕೃಷಿಕರಲ್ಲಿ ಕಂಡುಬರುವ ಕೆಲವು ಕಾರಣಗಳು ರಕ್ತಪರೀಕ್ಷೆಯಲ್ಲಿ ಸುಲಭವಾಗಿ ಗೋಚರಿಸುವುದಿಲ್ಲ. ಯಾವ ಕೆಲಸ ಮಾಡಿದ ಎಷ್ಟು ಹೊತ್ತಿಗೆ ಅಥವಾ ಎಷ್ಟು ದಿನಕ್ಕೆ ತೊಂದರೆ ಆರಂಭವಾಯಿತು ಎಂಬುದೇ ಅವುಗಳ ಮುಖ್ಯ ಸುಳಿವು. ಆ ಸುಳಿವು ನಿಮ್ಮಲ್ಲಿ ಮಾತ್ರ ಇರುತ್ತದೆ.

1. ಸಿಂಪರಣೆಯ ದಿನವೇ ಕಾಣುವ ಉರಿ

ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಫೆನ್ವಲರೇಟ್, ಲ್ಯಾಂಬ್ಡಾ ಸೈಹಾಲೋಥ್ರಿನ್ ಇವು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು. ನರತಂತುವಿನಲ್ಲಿ ಸೋಡಿಯಂ ಒಳಬರುವ ದ್ವಾರಗಳು ಬೇಗ ಮುಚ್ಚಿಕೊಳ್ಳದಂತೆ ಇವು ತಡೆಯುತ್ತವೆ. ಕೀಟ ಸಾಯುವುದು ಈ ಕ್ರಿಯೆಯಿಂದಲೇ. ದ್ರಾವಣ ನಮ್ಮ ಚರ್ಮಕ್ಕೆ ತಗುಲಿದಾಗ ಅಲ್ಲಿನ ನರತುದಿಗಳೂ ಕೆರಳಿ ಜುಮ್ಮೆನ್ನುವಿಕೆ, ಉರಿ, ಮರಗಟ್ಟುವಿಕೆ ಉಂಟಾಗುತ್ತವೆ.

ಮುಖದಲ್ಲಿ ಇದು ಹೆಚ್ಚು. ಸಿಂಪರಣೆಯ ಕೆಲವೇ ಗಂಟೆಗಳಲ್ಲಿ ಆರಂಭವಾಗಿ, ಬಹುಪಾಲು ಒಂದು ದಿನದೊಳಗೆ ಶಮನಗೊಳ್ಳುತ್ತದೆ. ಚರ್ಮದ ಮೇಲೆ ಕೆಂಪಾಗಲಿ ಗುಳ್ಳೆಯಾಗಲಿ ಕಾಣದಿರುವುದೇ ಇದರ ವೈಶಿಷ್ಟ್ಯ. ಬೆವರು, ಬಿಸಿಲು ಮತ್ತು ಬಿಸಿನೀರು ಉರಿಯನ್ನು ಹೆಚ್ಚಿಸುತ್ತವೆ. ಆದ್ದರಿಂದ ತಣ್ಣೀರು ಮತ್ತು ಸಾಬೂನಿನಿಂದ ಮೃದುವಾಗಿ ತೊಳೆದು ನೆರಳಿನಲ್ಲಿ ವಿಶ್ರಮಿಸಬೇಕು. ಬಟ್ಟೆಯನ್ನು ಕೂಡಲೇ ಬದಲಿಸಬೇಕು. ತೊಳೆದ ಬಳಿಕ ವಿಟಮಿನ್ ಇ ಇರುವ ಮುಲಾಮು ಹಚ್ಚುವುದರಿಂದ ಉಪಶಮನ ದೊರೆಯುತ್ತದೆ. ವಾಂತಿ, ತಲೆಸುತ್ತು ಅಥವಾ ಸ್ನಾಯುಗಳ ಅದುರುವಿಕೆ ಕಂಡುಬಂದರೆ ಅದು ಕೇವಲ ಚರ್ಮದ ತೊಂದರೆಯಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸುವವರ ಕೈಯುರಿ ಇದಕ್ಕಿಂತ ಭಿನ್ನವಾದುದು. ಅದಕ್ಕೆ ಕಾರಣ ಕಾಯಿಯಲ್ಲಿರುವ ಕ್ಯಾಪ್ಸೈಸಿನ್. ಇದು ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಅಡುಗೆ ಎಣ್ಣೆಯಿಂದ ಕೈ ಉಜ್ಜಿ, ಅನಂತರ ಸಾಬೂನಿನಿಂದ ತೊಳೆಯುವುದು ಸೂಕ್ತ.

2. ಚೇತರಿಸಿಕೊಂಡ ಬಳಿಕ ಬರುವ ಜೋಮು

ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದುದು ಇದು. ಕ್ಲೋರ್‌ಪೈರಿಫಾಸ್‌ನಂತಹ ಆರ್ಗನೋಫಾಸ್ಫೇಟ್ ಕೀಟನಾಶಕಗಳ ವಿಷಬಾಧೆಯಲ್ಲಿ ಜೊಲ್ಲು, ಬೆವರು, ಕಿರಿದಾದ ಕಣ್ಣುಪಾಪೆ, ಉಸಿರಾಟದ ತೊಂದರೆ ಮೊದಲು ಕಾಣಿಸುತ್ತವೆ. ಚಿಕಿತ್ಸೆಯಿಂದ ರೋಗಿ ಗುಣಮುಖನಾಗಿ ಮನೆಗೆ ಬರುತ್ತಾನೆ. ತೀವ್ರ ವಿಷಬಾಧೆಗೆ ಒಳಗಾದ ಕೆಲವರಲ್ಲಿ ಒಂದರಿಂದ ಮೂರು ವಾರಗಳ ನಂತರ ಮೀನಖಂಡದಲ್ಲಿ ಸೆಳೆತ, ಪಾದಗಳಲ್ಲಿ ಜೋಮು, ಬಳಿಕ ಕಾಲುಗಳ ದೌರ್ಬಲ್ಯ ಆರಂಭವಾಗುತ್ತದೆ. ಮೊದಲಿನ ವಿಷಬಾಧೆಗೆ ನೀಡುವ ಅಟ್ರೋಪಿನ್ ಈ ತಡವಾದ ನರಹಾನಿಯನ್ನು ತಡೆಯುವುದಿಲ್ಲ. ಇದಕ್ಕೆ ನಿರ್ದಿಷ್ಟ ಔಷಧವೂ ಇಲ್ಲ. ವ್ಯಾಯಾಮ ಚಿಕಿತ್ಸೆಯೇ ಆಧಾರ, ಚೇತರಿಕೆಯೂ ನಿಧಾನ.

ಇದು ಹೊಸದಾಗಿ ತಿಳಿದ ಸಂಗತಿಯಲ್ಲ. 1930ರಲ್ಲಿ ಅಮೆರಿಕದಲ್ಲಿ ಇದೇ ಬಗೆಯ ರಂಜಕಯುಕ್ತ ರಾಸಾಯನಿಕವೊಂದು ಬೆರೆತ ಶುಂಠಿ ಸಾರವನ್ನು ಕುಡಿದ ಸಾವಿರಾರು ಜನರು ಕಾಲಿನ ಸ್ವಾಧೀನ ಕಳೆದುಕೊಂಡರು. 1988ರಲ್ಲಿ ಕಲ್ಕತ್ತದ ಬೆಹಾಲಾದಲ್ಲಿ ಕಲಬೆರಕೆ ಅಡುಗೆ ಎಣ್ಣೆಯಿಂದ ಇಂಥದ್ದೇ ದುರಂತ ಸಂಭವಿಸಿತು. ಆದ್ದರಿಂದ ವಿಷಬಾಧೆಯಿಂದ ಗುಣಮುಖರಾದವರು ಕನಿಷ್ಠ ಒಂದು ತಿಂಗಳು ಕಾಲುಗಳ ಸ್ಥಿತಿಯನ್ನು ಗಮನಿಸುತ್ತಿರಬೇಕು. ಜೋಮು ಕಂಡರೆ ಹಿಂದಿನ ಚಿಕಿತ್ಸೆಯ ಕಾಗದಗಳೊಂದಿಗೆ ವೈದ್ಯರ ಬಳಿಗೆ ಮರಳಬೇಕು.

3. ಕುಳಿತು ಮಾಡುವ ಕೆಲಸ ಮತ್ತು ಯಂತ್ರದ ಕಂಪನ

ಮೊಣಕಾಲಿನ ಹೊರಬದಿಯ ಕೆಳಗೆ, ಎಲುಬಿಗೆ ಅಂಟಿಕೊಂಡಂತೆ ಒಂದು ನರ ಸಾಗುತ್ತದೆ. ಕಳೆ ಕೀಳಲು ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕುಳಿತರೆ ಅದು ಅದುಮಿಹೋಗುತ್ತದೆ. ಪಾದದ ಮೇಲ್ಭಾಗ ಮರಗಟ್ಟಿ, ನಡೆಯುವಾಗ ಮುಂಗಾಲು ಎತ್ತಲಾಗದೆ ನೆಲಕ್ಕೆ ಎಳೆಯುತ್ತದೆ. ಹೊರದೇಶಗಳಲ್ಲಿ ಸ್ಟ್ರಾಬೆರಿ ಕೊಯ್ಯುವವರಲ್ಲಿ ಇದು ಕಂಡುಬಂದುದರಿಂದ ಆ ಬೆಳೆಯ ಹೆಸರೇ ಈ ತೊಂದರೆಗೆ ಬಂದಿದೆ. ಆಗಾಗ್ಗೆ ಎದ್ದು ನಡೆದಾಡುವುದು, ಗಿಡ್ಡ ಮಣೆ ಬಳಸುವುದು ಹಾಗೂ ಉದ್ದ ಹಿಡಿಯ ಸಲಕರಣೆಗಳಿಂದ ಕಳೆ ತೆಗೆಯುವುದು ಉತ್ತಮ ಪರಿಹಾರಗಳು.

ಬ್ರಷ್ ಕಟರ್, ಮರ ಕೊಯ್ಯುವ ಯಂತ್ರಗಳನ್ನು ವರ್ಷಗಟ್ಟಲೆ ಬಳಸುವವರಲ್ಲಿ ಬೆರಳುಗಳು ಮರಗಟ್ಟಿ, ಚಳಿಯಲ್ಲಿ ಬಿಳಿಚಿಕೊಳ್ಳುವುದುಂಟು. ಸರದಿಯ ಮೇಲೆ ಕೆಲಸ ಹಂಚಿಕೊಳ್ಳಬೇಕು.

4. ನೋವೂ ಇಲ್ಲ, ತುರಿಕೆಯೂ ಇಲ್ಲದ ಮಚ್ಚೆ

ಮೈಮೇಲೆ ತಿಳಿಬಣ್ಣದ ಅಥವಾ ಕೆಂಪು ಛಾಯೆಯ ಮಚ್ಚೆ ಇದ್ದು, ಅಲ್ಲಿ ಸ್ಪರ್ಶ ತಿಳಿಯದಿದ್ದರೆ ಅದು ಕುಷ್ಠರೋಗವಿರಬಹುದು. ಇದನ್ನು ಔಷಧದ ಕಲೆಯೆಂದು ಭಾವಿಸಿ ಸುಮ್ಮನಿರಬಾರದು, ಮರೆಮಾಚಲೂಬಾರದು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಹುಔಷಧ ಚಿಕಿತ್ಸೆ ಉಚಿತವಾಗಿದ್ದು, ರೋಗ ಸಂಪೂರ್ಣ ಗುಣವಾಗುತ್ತದೆ. ತಡವಾದಷ್ಟೂ ಕೈಕಾಲುಗಳ ಊನ ಉಳಿಯುವ ಸಂಭವ ಹೆಚ್ಚು.

ವೈದ್ಯರಿಗೆ ತಿಳಿಸಬೇಕಾದ ವಿವರಗಳು

• ಕಳೆದ ಒಂದು ತಿಂಗಳಲ್ಲಿ ಸಿಂಪಡಿಸಿದ ಔಷಧಗಳ ಹೆಸರು ಮತ್ತು ದಿನಾಂಕ. ಸಾಧ್ಯವಾದರೆ ಡಬ್ಬಿಯ ಲೇಬಲ್ ಅಥವಾ ಅದರ ಛಾಯಾಚಿತ್ರ ತೋರಿಸಿರಿ.
• ಸಿಂಪರಣೆಯ ಎಷ್ಟು ಗಂಟೆ ಅಥವಾ ದಿನಗಳ ನಂತರ ತೊಂದರೆ ಕಾಣಿಸಿತು.
• ಒಂದೇ ಕಾಲಿನಲ್ಲಿದೆಯೇ, ಎರಡೂ ಪಾದಗಳಲ್ಲಿ ಸಮನಾಗಿದೆಯೇ.
• ಕುಳಿತು ಮಾಡಿದ ಕೆಲಸ ಮತ್ತು ಬಳಸಿದ ಯಂತ್ರಗಳ ವಿವರ.

ಮುನ್ನೆಚ್ಚರಿಕೆ ಕ್ರಮಗಳು

• ಲೇಬಲ್ ಮೇಲಿನ ತ್ರಿಕೋನದ ಬಣ್ಣ ಗಮನಿಸಿರಿ: ಕೆಂಪು ಅತ್ಯಂತ ವಿಷಕಾರಿ, ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ.
• ಕೈಗವಸು, ಮುಖಗವಸು, ತುಂಬುತೋಳಿನ ಅಂಗಿ ಧರಿಸಿರಿ. ಗವಸು ಹಾಕಿದ ಕೈಯಿಂದ ಮುಖದ ಬೆವರು ಒರೆಸಬೇಡಿರಿ.
• ಗಾಳಿಗೆ ಎದುರಾಗಿ ಸಿಂಪಡಿಸಬೇಡಿರಿ. ಕಟ್ಟಿಕೊಂಡ ನಾಸಲ್‌ಗೆ ಬಾಯಿ ಹಚ್ಚಿ ಊದಬೇಡಿರಿ.
• ಔಷಧವನ್ನು ನೀರಿನ ಅಥವಾ ತಂಪು ಪಾನೀಯದ ಬಾಟಲಿಗಳಲ್ಲಿ ಇಡಬೇಡಿರಿ.
• ವಿಷಬಾಧೆಯ ಶಂಕೆ ಇದ್ದಲ್ಲಿ ಕೂಡಲೇ 108ಕ್ಕೆ ಕರೆ ಮಾಡಿರಿ.

ಬೆಳೆಯ ಲೆಕ್ಕ ಬರೆದಿಡುವ ಪುಸ್ತಕದಲ್ಲಿಯೇ ಔಷಧದ ಹೆಸರು, ಸಿಂಪಡಿಸಿದ ದಿನಾಂಕ ಹಾಗೂ ಸಿಂಪಡಿಸಿದವರ ಹೆಸರನ್ನು ದಾಖಲಿಸಿರಿ. ಕೂಲಿಗೆ ಬಂದವರ ಹೆಸರನ್ನೂ ಬಿಡಬೇಡಿರಿ. ಮೂರು ವಾರಗಳ ಬಳಿಕ ಅವರ ಪಾದಗಳಲ್ಲಿ ಜೋಮು ಕಂಡರೆ, ವೈದ್ಯರಿಗೆ ಕಾರಣ ತೋರಿಸಿಕೊಡುವುದು ಆ ಒಂದು ಸಾಲೇ ಆಗಬಹುದು.