ಕೋಟೆಯ ಊರುಗಳೂ ಬಯಲಿನ ಪೇಟೆಯೂ: ಬೈಲಹೊಂಗಲದ ಬೆಳವಣಿಗೆ ಹೇಳುವ ಮಾತು



ಒಂದು ಊರು ಏಕೆ ಬೆಳೆಯುತ್ತದೆ? ಮತ್ತೊಂದು ಊರು ಏಕೆ ಹಿಂದೆ ಬೀಳುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಕಿತ್ತೂರು, ಸವದತ್ತಿ, ರಾಮದುರ್ಗ ಮತ್ತು ಬೈಲಹೊಂಗಲ ಈ ನಾಲ್ಕು ಊರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಸಾಕು.

ಕಿತ್ತೂರಿಗೆ ಸಂಸ್ಥಾನವಿತ್ತು. ಸವದತ್ತಿ ರಟ್ಟರ ರಾಜಧಾನಿಯಾಗಿತ್ತು. ರಾಮದುರ್ಗದಲ್ಲಿ 1948ರವರೆಗೂ ಭಾವೆ ಮನೆತನದ ಆಳ್ವಿಕೆ ನಡೆಯಿತು. ಬೈಲಹೊಂಗಲಕ್ಕೆ ಒಂದು ಚಿಕ್ಕ ಕೋಟೆಯಿತ್ತೇ ಹೊರತು ಸಿಂಹಾಸನವಿರಲಿಲ್ಲ. ನದಿ ಊರಿನ ದಂಡೆಗೆ ಬರಲಿಲ್ಲ, ರೈಲು ಇತ್ತ ಸುಳಿಯಲೇ ಇಲ್ಲ. ಆದರೂ 2001ರ ಜನಗಣತಿಯಲ್ಲೇ ಅದರ ಜನಸಂಖ್ಯೆ 40 ಸಾವಿರ ದಾಟಿತ್ತು. ನಾಲ್ಕು ಊರುಗಳಲ್ಲಿ ಅದೇ ದೊಡ್ಡದಾಗಿತ್ತು. ಇದು ಹೇಗಾಯಿತು ಎಂಬುದನ್ನು ನಮ್ಮ ಯುವಕರು ಅವಶ್ಯವಾಗಿ ತಿಳಿಯಬೇಕು.

ಸ್ಥಳಾಂತರಗೊಂಡ ರಾಜಧಾನಿಗಳು

ಮೊದಲು ಸವದತ್ತಿಯನ್ನು ನೋಡೋಣ. ಶಾಸನಗಳಲ್ಲಿ ಇದರ ಹೆಸರು ಸುಗಂಧವರ್ತಿ. ರಟ್ಟರು ಇಲ್ಲಿಂದ ಆಳಿದರು. ಆದರೆ 13ನೆಯ ಶತಮಾನದ ಆರಂಭದಲ್ಲಿ ಅವರು ರಾಜಧಾನಿಯನ್ನು ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ ಬದಲಾಯಿಸಿದರು. ಬೆಳಗಾವಿಯ ಏಳಿಗೆಗೆ ಅದೊಂದು ಕಾರಣವಾಯಿತು. ಸವದತ್ತಿಗೆ ಉಳಿದದ್ದು ಯಲ್ಲಮ್ಮನ ಗುಡ್ಡದ ಜಾತ್ರೆ ಮತ್ತು 18ನೆಯ ಶತಮಾನದಲ್ಲಿ ಸಿರಸಂಗಿ ದೇಸಾಯರು ಕಟ್ಟಿಸಿದ ಕೋಟೆ.

ಕಿತ್ತೂರಿನ ದೇಸಾಯರ ಮೂಲಪುರುಷರು ಬಿಜಾಪುರದ ಆದಿಲ್‌ಶಾಹಿ ಸೈನ್ಯದ ಜೊತೆ ಈ ಸೀಮೆಗೆ ಬಂದವರು. ಅವರು ಮೊದಲು ನೆಲೆ ನಿಂತದ್ದು ಸಂಪಗಾಂವದಲ್ಲಿ, ಕಿತ್ತೂರಿಗೆ ಹೋದದ್ದು ನಂತರ. ಮುಂದೆ ಟಿಪ್ಪು ಸುಲ್ತಾನರು, ಪೇಶ್ವೆಗಳು, ಕೊನೆಗೆ ಇಂಗ್ಲಿಷರು, ಹೀಗೆ ದೊಡ್ಡ ಶಕ್ತಿಗಳ ನಡುವೆ ಈ ಚಿಕ್ಕ ಸಂಸ್ಥಾನ ಬಾಳಬೇಕಾಯಿತು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ದತ್ತಕವನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಅದೇ ವರ್ಷ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯದೊಂದಿಗೆ ಬಂದ ಇಂಗ್ಲಿಷರಿಗೆ ಕೋಟೆ ವಶವಾಯಿತು. ರಾಣಿ ಚೆನ್ನಮ್ಮಾಜಿಯನ್ನು ಬೈಲಹೊಂಗಲದ ಕೋಟೆಯಲ್ಲಿ ಬಂಧನದಲ್ಲಿಟ್ಟರು. 1829ರಲ್ಲಿ ಅವರು ಅಲ್ಲಿಯೇ ಕೊನೆಯುಸಿರೆಳೆದರು. ಅವರ ಸಮಾಧಿ ಇಂದಿಗೂ ಬೈಲಹೊಂಗಲದಲ್ಲಿದೆ. ಅವರ ನಂತರ ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಓದುಗರೇ, ಇಲ್ಲಿ ಒಂದು ಸಂಗತಿ ಗಮನಿಸಿ. ಸಂಸ್ಥಾನ ಹೋದ ಮೇಲೆ ಕಿತ್ತೂರು ಒಂದು ಹಳ್ಳಿಯಾಗಿ ಉಳಿಯಿತು. ಅರಮನೆಯನ್ನು ನಂಬಿದ್ದ ಕುಶಲಕರ್ಮಿ, ವ್ಯಾಪಾರಿ, ಸಿಪಾಯಿ ಎಲ್ಲರ ಅನ್ನಕ್ಕೂ ಕಲ್ಲು ಬಿತ್ತು. ಒಂದೇ ಕಂಬದ ಮೇಲೆ ನಿಂತ ಮನೆಗೆ ಆ ಕಂಬವೇ ಆಧಾರ, ಆ ಕಂಬವೇ ಅಪಾಯ. ಕಿತ್ತೂರು ಮತ್ತೆ ತಾಲ್ಲೂಕು ಕೇಂದ್ರವಾಗಲು 21ನೆಯ ಶತಮಾನದವರೆಗೆ ಕಾಯಬೇಕಾಯಿತು.

ರಾಮದುರ್ಗದ ಅನುಭವ ಬೇರೆ. ಅಲ್ಲಿ ಸಂಸ್ಥಾನ ಉಳಿಯಿತು, ಆದರೆ ಪ್ರಜೆಗಳ ದನಿಗೆ ಜಾಗ ಸಿಗಲಿಲ್ಲ. 1939ರ ಏಪ್ರಿಲ್‌ನಲ್ಲಿ ಪ್ರಜಾ ಚಳವಳಿಯ ಮುಖಂಡರ ಬಂಧನದಿಂದ ಕೆರಳಿದ ಜನ ಸೆರೆಮನೆಗೆ ಮುತ್ತಿಗೆ ಹಾಕಿದರು, ಜೀವಗಳು ಹೋದವು. ಜನರ ಅಹವಾಲು ಕೇಳುವ ಕಟ್ಟೆಯೊಂದು ಇಲ್ಲದ ಊರಿನಲ್ಲಿ ಸಿಟ್ಟು ಬೀದಿಗೆ ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಬಯಲಿನ ಪೇಟೆ

ಇನ್ನು ಬೈಲಹೊಂಗಲ. ಬಯಲಿನಲ್ಲಿರುವ ಹೊಂಗಲವೇ ಬೈಲಹೊಂಗಲ. ಊರಿನ ರಾಮಲಿಂಗೇಶ್ವರ ಗುಡಿ ಇದರ ಪ್ರಾಚೀನತೆಯನ್ನು ತೋರಿಸುತ್ತದೆ. ಆದರೆ ಊರನ್ನು ಬೆಳೆಸಿದ್ದು ಸುತ್ತಲಿನ ಎರೆ ಭೂಮಿ. ಆ ಕಪ್ಪು ಮಣ್ಣಿನಲ್ಲಿ ಹತ್ತಿ ಮತ್ತು ಬಿಳಿಜೋಳ ಹುಲುಸಾಗಿ ಬೆಳೆಯುತ್ತವೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತುಹೋಯಿತು. ಆಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಸಮುದ್ರದಾಚೆಯ ಒಂದು ಯುದ್ಧ ನಮ್ಮ ಕಡೆಯ ರೈತನ ಚೀಲವನ್ನು ತುಂಬಿತು. ಯುದ್ಧ ಮುಗಿದಾಗ ಬೆಲೆಯೂ ಇಳಿಯಿತು.

1880ರ ದಶಕದ ಕೊನೆಯಲ್ಲಿ ರೈಲು ಹಳಿ ಬಂದಾಗ ಅದು ಧಾರವಾಡದಿಂದ ಲೋಂಡಾ ಮೂಲಕ ಬೆಳಗಾವಿಗೆ ಸಾಗಿತು. ಕಿತ್ತೂರು, ಬೈಲಹೊಂಗಲಗಳು ಹೊರಗುಳಿದವು. ಆದರೂ ಬೈಲಹೊಂಗಲದ ಪೇಟೆ ಒಣಗಲಿಲ್ಲ. ಸುತ್ತಲಿನ ಹಳ್ಳಿಗಳ ಚಕ್ಕಡಿಗಳು ಇಲ್ಲಿಗೇ ಬರುತ್ತಿದ್ದವು. ದಲಾಲಿ ಅಂಗಡಿ, ಹತ್ತಿ ಹಿಂಜುವ ಕಾರ್ಖಾನೆ, ಹಮಾಲರು, ಬಟ್ಟೆ ವ್ಯಾಪಾರಿಗಳು, ಬಡಿಗ, ಕಮ್ಮಾರ ಹೀಗೆ ಎಲ್ಲ ಜಾತಿ ಧರ್ಮಗಳ ದುಡಿಮೆಗಾರರಿಗೂ ಪೇಟೆ ಅನ್ನ ಕೊಟ್ಟಿತು. ಇಂಗ್ಲಿಷರ ಕಾಲದಲ್ಲಿ ಈ ಭಾಗದ ತಾಲ್ಲೂಕಿಗೆ ಸಂಪಗಾಂವದ ಹೆಸರಿತ್ತು. ಕಾಲಕ್ರಮೇಣ ತಾಲ್ಲೂಕಿನ ಸ್ಥಾನಮಾನ ಬೈಲಹೊಂಗಲಕ್ಕೆ ಬಂತು. ಎಲ್ಲಿ ಜನ ಸೇರುತ್ತಾರೋ ಅಲ್ಲಿಗೆ ಕಚೇರಿ ಬರುತ್ತದೆ. ಕಚೇರಿ ಬಂದಲ್ಲಿಗೆ ಶಾಲೆ, ಕೋರ್ಟು, ಆಸ್ಪತ್ರೆ ಬರುತ್ತವೆ.

ನದಿಯ ಋಣ

ಈ ಊರುಗಳನ್ನೆಲ್ಲ ಹೊಲಿದಿರುವ ದಾರವೆಂದರೆ ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿ, ಒಬ್ಬ ಖಾನನ ಹೆಸರನ್ನು ಇಂದಿಗೂ ಹೊತ್ತಿರುವ ಮುಗುಟಖಾನ ಹುಬ್ಬಳ್ಳಿಯನ್ನೂ ರಾಯಣ್ಣನ ಸಂಗೊಳ್ಳಿಯನ್ನೂ ದಾಟಿ, ಸವದತ್ತಿಯ ಬಳಿಯ ನವಿಲುತೀರ್ಥಕ್ಕೆ ಬರುತ್ತದೆ. 1970ರ ದಶಕದಲ್ಲಿ ಅಲ್ಲಿ ಅಣೆಕಟ್ಟು ಸಿದ್ಧವಾಯಿತು. ರೇಣುಕಾಸಾಗರದ ನೀರು ನೀರಾವರಿಗೂ, ಹುಬ್ಬಳ್ಳಿ–ಧಾರವಾಡ ಅವಳಿ ನಗರದ ಕುಡಿಯುವ ನೀರಿಗೂ ಆಧಾರವಾಯಿತು. ಮುಗುಟಖಾನ ಹುಬ್ಬಳ್ಳಿಯಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದಿತು, ಕಬ್ಬಿನ ಗದ್ದೆಗಳು ಹಬ್ಬಿದವು.

ಆದರೆ ಕೊಡುವ ನದಿಯೇ ಕೆಲವೊಮ್ಮೆ ಕಸಿದುಕೊಳ್ಳುತ್ತದೆ. 2019ರ ಆಗಸ್ಟ್‌ನಲ್ಲಿ ಬಂದ ಮಹಾಪೂರದಲ್ಲಿ ರಾಮದುರ್ಗ ತಾಲ್ಲೂಕಿನ ನದಿ ದಂಡೆಯ ಜನ ಮನೆ ಕಳೆದುಕೊಂಡರು. ನೇಕಾರರ ಮಗ್ಗಗಳಿಗೆ ನೀರು ಹೊಕ್ಕಿತು. ಮಗ್ಗ ಹಾಳಾದರೆ ನೇಕಾರನ ಮನೆಯಲ್ಲಿ ಅಂದಿನಿಂದಲೇ ಒಲೆ ಆರುತ್ತದೆ. ನದಿಯ ಪಾತ್ರದಲ್ಲಿ ಮನೆ ಕಟ್ಟಲು ಬಡವನನ್ನು ತಳ್ಳುವುದು ಊರೊಳಗಿನ ಜಾಗದ ಬೆಲೆ. ಆದ್ದರಿಂದ ಮಹಾಪೂರವನ್ನು ಕೇವಲ ಮಳೆಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಬೆಳೆಯುವ ಊರಿನ ಸಂಕಟ

ಬೆಳವಣಿಗೆ ಎಂದರೆ ಸುಖವೊಂದೇ ಅಲ್ಲ ಎಂಬುದನ್ನೂ ಹೇಳಲೇಬೇಕು. ನಮ್ಮ ಕಡೆ ಊರು ಹಬ್ಬುವ ರೀತಿ ನಿಮಗೆ ಗೊತ್ತಿದೆ. ಊರ ಹೊರಗಿನ ಹೊಲವನ್ನು ಗುಂಟೆ ಲೆಕ್ಕದಲ್ಲಿ ಪ್ಲಾಟು ಮಾಡಿ ಮಾರುತ್ತಾರೆ. ಎಷ್ಟೋ ಕಡೆ ಎನ್.ಎ. ಆಗಿರುವುದಿಲ್ಲ. ಗೌಂಡಿ ಕೆಲಸದವನು, ಆಟೋ ಓಡಿಸುವವನು ಹತ್ತು ವರ್ಷ ಕೂಡಿಟ್ಟ ಹಣ ಕೊಟ್ಟು ಕೊಳ್ಳುತ್ತಾನೆ. ಮನೆ ಕಟ್ಟಿದ ಮೇಲೆ ಅವನ ಹೆಸರಿಗೆ ಉತಾರ ಆಗುವುದಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ, ನಳ ಮತ್ತು ಗಟಾರಕ್ಕೆ ವರ್ಷಗಟ್ಟಲೆ ಕಾಯಬೇಕು. ಓದು ಬಾರದ ಕುಟುಂಬಗಳು ಇಂಥ ವ್ಯವಹಾರದಲ್ಲಿ ಹೆಚ್ಚು ಮೋಸ ಹೋಗುತ್ತವೆ. ಕೊಳ್ಳುವ ಮೊದಲು ಕಾಗದಪತ್ರ ಓದಿಸಿ ನೋಡುವ ಒಬ್ಬ ಮಗ ಅಥವಾ ಮಗಳು ಮನೆಯಲ್ಲಿದ್ದರೆ ಅದೇ ದೊಡ್ಡ ಆಸ್ತಿ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ನಮ್ಮ ಪುರಸಭೆಗಳಿಗೆ ಹೊಸ ಬಲ ಕೊಟ್ಟಿತು. ನೀರು ಪೂರೈಕೆ, ರಸ್ತೆ, ನೈರ್ಮಲ್ಯ, ಕೊಳೆಗೇರಿ ಸುಧಾರಣೆ ಸೇರಿ 18 ವಿಷಯಗಳನ್ನು ಪಟ್ಟಿ ಮಾಡಿತು. ಮಹಿಳೆಯರಿಗೆ ಮೂರನೆಯ ಒಂದಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ಮೀಸಲಿಟ್ಟಿತು. 1939ರಲ್ಲಿ ರಾಮದುರ್ಗದ ಜನರಿಗೆ ಇಲ್ಲದಿದ್ದ ಕಟ್ಟೆ ಇಂದು ನಮಗಿದೆ. ಆದರೆ ಚುನಾವಣೆಯ ದಿನ ಬಿಟ್ಟರೆ ಆ ಕಟ್ಟೆ ಏರುವವರು ಎಷ್ಟು ಜನ?

ಒಬ್ಬ ದೇಸಾಯರ ಉಯಿಲು

ಕೊನೆಯದಾಗಿ ಒಬ್ಬ ಪುಣ್ಯಾತ್ಮರನ್ನು ನೆನೆಯೋಣ. ಸವದತ್ತಿ ತಾಲ್ಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡರು. ತಮ್ಮ ಆಸ್ತಿಯನ್ನು ಅವರು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟು ಹೋದರು. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆ 1933ರಲ್ಲಿ ತೆರೆದ ಕಾಲೇಜಿಗೆ ಅವರದೇ ಹೆಸರಿದೆ. ಕೋಟೆ ಕಟ್ಟಿಸಿದ ಮನೆತನದ ಹೆಸರು ಇಂದು ಜನರ ಬಾಯಲ್ಲಿ ಉಳಿದಿರುವುದು ಕೋಟೆಯಿಂದಲ್ಲ, ಕಾಲೇಜಿನಿಂದ. ಕಿತ್ತೂರಿನಲ್ಲಿಯೂ ಅಷ್ಟೇ. 1969ರಲ್ಲಿ ಅಲ್ಲಿ ರಾಣಿ ಚೆನ್ನಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳ ಸೈನಿಕ ವಸತಿ ಶಾಲೆ ತೆರೆದಾಗ ಮುರಿದ ಕೋಟೆಯ ಊರಿಗೆ ಹೊಸ ಜೀವ ಬಂತು.

ಮಿತ್ರರೇ, ಸುಗಂಧವರ್ತಿಯಿಂದ ವೇಣುಗ್ರಾಮಕ್ಕೆ, ಸಂಪಗಾಂವದಿಂದ ಕಿತ್ತೂರಿಗೆ, ಅಲ್ಲಿಂದ ಬೈಲಹೊಂಗಲಕ್ಕೆ ಹಿರಿಮೆ ಜಾಗ ಬದಲಾಯಿಸುತ್ತಲೇ ಬಂದಿದೆ. ಕಿತ್ತೂರು ಹೆದ್ದಾರಿಯ ಮೇಲಿದೆ. ಧಾರವಾಡ–ಬೆಳಗಾವಿ ನಡುವೆ ಕಿತ್ತೂರು ಮೂಲಕ ಹೊಸ ರೈಲು ಮಾರ್ಗಕ್ಕೆ 2020ರಲ್ಲಿ ಮಂಜೂರಾತಿ ದೊರೆತಿದೆ. 2021ರಿಂದ ಇಡೀ ಪ್ರದೇಶಕ್ಕೇ ಕಿತ್ತೂರು ಕರ್ನಾಟಕ ಎಂಬ ಹೆಸರು ಬಂದಿದೆ. ನಾಳೆ ಪೇಟೆ ಮತ್ತೆ ಅತ್ತ ಸರಿಯಲೂಬಹುದು. ಹಾಗಾದರೂ ಕಲಿತ ಮಕ್ಕಳ ವಿದ್ಯೆಯನ್ನು ಯಾರೂ ಹೊತ್ತೊಯ್ಯಲಾರರು.

ಮುಂದಿನ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಕೋಟೆ ತೋರಿಸಿ. ಹಿಂತಿರುಗುವಾಗ ಬೈಲಹೊಂಗಲದಲ್ಲಿ ಇಳಿದು ಚೆನ್ನಮ್ಮಾಜಿಯ ಸಮಾಧಿಯ ಮುಂದೆ ಒಂದು ಗಳಿಗೆ ನಿಲ್ಲಿ. ಮನೆಗೆ ಬಂದ ಮೇಲೆ, ನಮ್ಮ ನಳದ ನೀರು ಎಲ್ಲಿಂದ ಬರುತ್ತದೆ, ಓಣಿಯ ಗಟಾರ ಎಲ್ಲಿ ಸೇರುತ್ತದೆ ಎಂದು ಅವರನ್ನು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ತಂದೆಯೂ ಮಗನೂ, ತಾಯಿಯೂ ಮಗಳೂ ಕೂಡಿಯೇ ಪುರಸಭೆಗೆ ಹೋಗಿ ವಿಚಾರಿಸಿ ಬರಲಿ.