ಕಣ್ಣಿಗೆ ಕಪ್ಪು, ಬೆಳಕಿಗೆ ಕಪ್ಪು

ಮದುವೆಯ ಕರೆಯೋಲೆ, ಬಟ್ಟೆ ಅಂಗಡಿಯ ಕೈಚೀಲ, ಕಾಲೇಜು ಉತ್ಸವದ ಟೀ ಶರ್ಟು ಇವನ್ನೆಲ್ಲ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗಳಲ್ಲಿ ಪಾಸಿಟಿವ್ (ವಿನ್ಯಾಸವನ್ನು ಕಪ್ಪಾಗಿ ಮೂಡಿಸಿದ, ಬೆಳಕು ಹಾಯುವ ಹಾಳೆ) ತೆಗೆಯಲು ಇಂಕ್‌ಜೆಟ್ ಪ್ರಿಂಟರ್ ಕೊಳ್ಳುವ ಮಾತು ಬಂದರೆ, ಚರ್ಚೆ ಶುರುವಾಗುವುದು ಮಾಡೆಲಿನಿಂದ. ಡಿಪಿಐ ಎಷ್ಟು, ಬಣ್ಣ ನಾಲ್ಕೋ ಆರೋ, ಎ4 ಸಾಕೋ ಎ3 ಬೇಕೋ ಎಂದು ಲೆಕ್ಕ ಹಾಕುತ್ತಾರೆ. ಶಾಯಿ ಯಾವುದು, ಫಿಲ್ಮ್ ಯಾವುದು ಎನ್ನುವುದು ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಈ ಕಸುಬು ನಡೆದುಬಂದ ದಾರಿಯನ್ನು ನೋಡಿದರೆ ಪ್ರಶ್ನೆಗಳ ಈ ಕ್ರಮವೇ ತಿರುವುಮುರುವಾಗಿದೆ ಎಂದು ತಿಳಿಯುತ್ತದೆ. ಪಾಸಿಟಿವ್‌ಗೆ ಇರುವುದು ಒಂದೇ ಕೆಲಸ, ಬೆಳಕನ್ನು ತಡೆಯುವುದು. ನೂರು ವರ್ಷಗಳಲ್ಲಿ ಬಂದ ಒಂದೊಂದು ಸಾಧನವೂ ಗೆದ್ದದ್ದು, ಸೋತದ್ದು ಈ ಒಂದು ಪರೀಕ್ಷೆಯಲ್ಲೇ. ಹಾಗಾಗಿ ಮೊದಲು ಆರಿಸಬೇಕಾದದ್ದು ಶಾಯಿ ಮತ್ತು ಫಿಲ್ಮ್, ಪ್ರಿಂಟರ್ ಆಮೇಲೆ.

ಮೊದಲಿಗೆ ಈ ಕಸುಬಿನಲ್ಲಿ ಬೆಳಕಿಗೆ ಪಾತ್ರವೇ ಇರಲಿಲ್ಲ. ಜಪಾನಿನ ಕಾತಾಗಾಮಿ ಕುಶಲಕರ್ಮಿಗಳು ಹಿಪ್ಪುನೇರಳೆ ಜಾತಿಯ ಗಿಡದ ನಾರಿನ ಕಾಗದಕ್ಕೆ ಪರ್ಸಿಮನ್ ಹಣ್ಣಿನ ರಸ ಹಚ್ಚಿ ಗಟ್ಟಿ ಮಾಡಿ, ಅದರಲ್ಲಿ ವಿನ್ಯಾಸವನ್ನು ಕೈಯಿಂದ ಕೊರೆಯುತ್ತಿದ್ದರು. 1907ರಲ್ಲಿ ಮ್ಯಾಂಚೆಸ್ಟರ್‌ನ ಸ್ಯಾಮ್ಯುಯೆಲ್ ಸೈಮನ್ ರೇಷ್ಮೆ ಬಟ್ಟೆಯ ಜಾಲರಿಯನ್ನು ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದಾಗಲೂ ವಿನ್ಯಾಸ ಕೈಕೆಲಸವಾಗಿಯೇ ಇತ್ತು. ಬೆಳಕು ಬಂದದ್ದು ಛಾಯಾಗ್ರಹಣದ ಕಡೆಯಿಂದ. ಪೊಟ್ಯಾಸಿಯಂ ಡೈಕ್ರೋಮೇಟ್ ಹಚ್ಚಿದ ಕಾಗದದ ಮೇಲೆ ಬೆಳಕು ಗುರುತು ಮೂಡಿಸುತ್ತದೆ ಎಂದು ಸ್ಕಾಟ್ಲೆಂಡಿನ ಮಂಗೋ ಪಾಂಟನ್ 1839ರಲ್ಲಿ ತೋರಿಸಿದ. ಅದೇ ಲವಣ ಬೆರೆತ ಜೆಲಟಿನ್ ಬೆಳಕು ಬಿದ್ದಲ್ಲಿ ಗಟ್ಟಿಯಾಗಿ, ನೀರಿನಲ್ಲಿ ಕರಗದೆ ಉಳಿಯುತ್ತದೆ ಎಂಬುದನ್ನು 1852ರಲ್ಲಿ ಹೆನ್ರಿ ಫಾಕ್ಸ್ ಟಾಲ್ಬಟ್ ತನ್ನ ಪೇಟೆಂಟಿನಲ್ಲಿ ಬಳಸಿಕೊಂಡ. ಸ್ಕ್ರೀನ್ ಪ್ರಿಂಟಿಂಗ್ ಇಪ್ಪತ್ತನೆಯ ಶತಮಾನದಲ್ಲಿ ಎರವಲು ಪಡೆದದ್ದು ಈ ಗುಣವನ್ನೇ. ಪಾಸಿಟಿವ್‌ನ ಕಪ್ಪು ಮರೆ ಮಾಡಿದ ಕಡೆ, ಜಾಲರಿ ಬಟ್ಟೆಗೆ ಬಳಿದ ಬೆಳಕುಸೂಕ್ಷ್ಮ ಲೇಪವಾದ ಎಮಲ್ಷನ್ ಮೆತ್ತಗೆ ಉಳಿದು ನೀರಿನಲ್ಲಿ ತೊಳೆದುಹೋಗುತ್ತದೆ, ಉಳಿದ ಕಡೆ ಗಟ್ಟಿಯಾಗಿ ಬಟ್ಟೆಯ ಕಣ್ಣುಗಳನ್ನು ಮುಚ್ಚುತ್ತದೆ. ಡೈಕ್ರೋಮೇಟ್ ಹೋಗಿ ಡಯಾಜೊ, ಆಮೇಲೆ ಫೋಟೋಪಾಲಿಮರ್ ಬಂದರೂ ಈ ತತ್ತ್ವ ಬದಲಾಗಿಲ್ಲ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಎಮಲ್ಷನ್ ಎಲ್ಲ ಬೆಳಕಿಗೂ ಸಮನಾಗಿ ಮಣಿಯುವುದಿಲ್ಲ. ಅದನ್ನು ಗಟ್ಟಿ ಮಾಡುವುದು ಮುಖ್ಯವಾಗಿ ನೇರಳಾತೀತ, ನೇರಳೆ ಮತ್ತು ನೀಲಿ ಕಿರಣಗಳು. ಕೆಂಪು, ಹಳದಿ ಬೆಳಕಿಗೆ ಅದು ಹೆಚ್ಚುಕಡಿಮೆ ಕುರುಡು. ಉಲಾನೊ ಕಂಪನಿಯ ರೂಬಿಲಿತ್ ಎಂಬ ಮಾಣಿಕ್ಯ ಬಣ್ಣದ ಹಾಳೆ ಇದಕ್ಕೆ ಒಳ್ಳೆಯ ಸಾಕ್ಷಿ. ಅದನ್ನು ರೇಖಾಚಿತ್ರದ ಮೇಲಿಟ್ಟರೆ ಕೆಳಗಿನ ಗೆರೆಗಳೆಲ್ಲ ಕಾಣುತ್ತವೆ. ಕಲಾವಿದ ಅವನ್ನು ನೋಡಿಕೊಂಡೇ ಬ್ಲೇಡಿನಿಂದ ಕೊಯ್ಯುತ್ತಿದ್ದ. ಕಣ್ಣಿಗೆ ಪಾರದರ್ಶಕವಾದ ಆ ಹಾಳೆ ಎಮಲ್ಷನ್ನಿನ ಮಟ್ಟಿಗೆ ಕಲ್ಲಿನ ಗೋಡೆ. ಇದಕ್ಕೆ ತದ್ವಿರುದ್ಧವೂ ನಿಜ: ಕಣ್ಣಿಗೆ ದಟ್ಟ ಕಪ್ಪಾಗಿ ಕಂಡ ಶಾಯಿ ನೇರಳಾತೀತ ಕಿರಣವನ್ನು ಧಾರಾಳವಾಗಿ ಒಳಬಿಡಬಹುದು. ಪಾಸಿಟಿವನ್ನು ಕಿಟಕಿಗೆ ಹಿಡಿದು ಕಪ್ಪನ್ನು ಅಳೆಯುವ ರೂಢಿಯ ದೋಷ ಇರುವುದು ಇಲ್ಲೇ.

ಪ್ರೊಸೆಸ್ ಕ್ಯಾಮೆರಾದಲ್ಲಿ ತೆಗೆಯುತ್ತಿದ್ದ ಲಿತ್ ಫಿಲ್ಮ್ ಈ ಕೆಲಸದಲ್ಲಿ ಮಾದರಿಯಾಗಿತ್ತು. ಅದರ ಬೆಳ್ಳಿಯ ಕಪ್ಪಿನ ಸಾಂದ್ರತೆ 4ರ ಆಸುಪಾಸು. ಈ ಅಳತೆ ಲಾಗರಿದಮ್ ಲೆಕ್ಕದ್ದು: ಸಾಂದ್ರತೆ 2 ಇದ್ದರೆ ಬೆಳಕಿನ ನೂರನೇ ಒಂದು ಭಾಗ ಒಳನುಸುಳುತ್ತದೆ, 3 ಇದ್ದರೆ ಸಾವಿರದಲ್ಲಿ ಒಂದು, 4 ಇದ್ದರೆ ಹತ್ತು ಸಾವಿರದಲ್ಲಿ ಒಂದು. ಆದರೆ ಆ ಫಿಲ್ಮಿಗೆ ಕತ್ತಲಕೋಣೆ, ಕೆಂಪು ದೀಪ, ಡೆವಲಪರ್, ಫಿಕ್ಸರ್ ಎಲ್ಲ ಬೇಕು. ಸಣ್ಣ ಅಂಗಡಿಗೆ ಅದು ಹೊರಗಿನಿಂದ ಮಾಡಿಸಿ ತರುವ ಮಾಲಾಗಿತ್ತು. 1985ರಲ್ಲಿ ಆ್ಯಪಲ್‌ನ ಲೇಸರ್‌ರೈಟರ್ ಬಂದು, ಡಿಟಿಪಿ ಹರಡಿದ ಮೇಲೆ, ಟ್ರೇಸಿಂಗ್ ಪೇಪರಿನ ಮೇಲೆ ಲೇಸರ್ ಪ್ರತಿ ತೆಗೆಯುವುದು ಅಗ್ಗದ ಉಪಾಯವಾಯಿತು. ಕೆಲಸ ಹಗುರಾಯಿತು, ಕಪ್ಪು ತೆಳುವಾಯಿತು. ಟೋನರ್ ಪುಡಿಯ ನಡುವೆ ಸೂಜಿಮೊನೆಯಷ್ಟು ತೂತುಗಳು ಉಳಿಯುತ್ತವೆ. ಪ್ರಿಂಟರಿನ ಒಳಗಿನ ಬಿಸಿಗೆ ಹಾಳೆ ಕುಗ್ಗಿ, ಎರಡು ಬಣ್ಣಗಳ ಕೆಲಸದಲ್ಲಿ ಒಂದರ ಮೇಲೊಂದು ಕೂರುವುದಿಲ್ಲ. ಎರಡು ಪ್ರತಿಗಳನ್ನು ಒಂದರ ಮೇಲೊಂದು ಅಂಟಿಸುವುದು, ಟೋನರ್ ಕಪ್ಪಾಗಲು ಸ್ಪ್ರೇ ಹೊಡೆಯುವುದು ಇಂಥ ಕೈಚಳಕಗಳೆಲ್ಲ ಕಳೆದುಹೋದ ಸಾಂದ್ರತೆಯನ್ನು ಮರಳಿ ಪಡೆಯುವ ಪ್ರಯತ್ನಗಳೇ.

ಇಂಕ್‌ಜೆಟ್ ಈ ಕೊರತೆಯನ್ನು ತುಂಬಿದ್ದು ಹೇಗೆ ಎನ್ನುವುದರಲ್ಲೇ ಆಯ್ಕೆಯ ಸೂತ್ರವೂ ಇದೆ. ಎಚ್‌ಪಿ, ಕ್ಯಾನನ್ ಕಂಪನಿಗಳು ಬೆಳೆಸಿದ ಉಷ್ಣ ವಿಧಾನದಲ್ಲಿ ಶಾಯಿಯನ್ನು ಕ್ಷಣಮಾತ್ರ ಕುದಿಸಿ ಗುಳ್ಳೆಯ ಒತ್ತಡದಿಂದ ಹನಿ ಚಿಮ್ಮಿಸುತ್ತಾರೆ; ಆದ್ದರಿಂದ ಶಾಯಿ ಆ ಕುದಿತಕ್ಕೆ ಒಗ್ಗುವಂಥದ್ದೇ ಆಗಿರಬೇಕು. ಎಪ್ಸನ್ ಹಿಡಿದ ಪೀಜೊ ವಿಧಾನದಲ್ಲಿ ಹರಳೊಂದು ವಿದ್ಯುತ್ತಿಗೆ ಮಿಡಿದು ಹನಿಯನ್ನು ನೂಕುತ್ತದೆ. ಅಲ್ಲಿ ಕುದಿಸುವ ಮಾತಿಲ್ಲ, ಬೇರೆ ಬೇರೆ ಶಾಯಿಗೆ ಹೆಚ್ಚು ಅವಕಾಶವಿದೆ, ಹನಿಯ ಗಾತ್ರದ ಮೇಲೂ ಹಿಡಿತವಿದೆ. ಫಿಲ್ಮ್ ತೆಗೆಯುವವರು ಎಪ್ಸನ್ ಯಂತ್ರಗಳ ಕಡೆ ವಾಲಿದ್ದಕ್ಕೆ ಇದು ದೊಡ್ಡ ಕಾರಣ. ನೇರಳಾತೀತವನ್ನು ಹೀರುವ ಕಪ್ಪು ಡೈ ಶಾಯಿಯನ್ನು ಆರೂ ಬಣ್ಣಗಳ ಜಾಗಕ್ಕೆ ತುಂಬಿ, ಚಿತ್ರವನ್ನು ಚುಕ್ಕಿಗಳಾಗಿ ಒಡೆಯುವ ರಿಪ್ ತಂತ್ರಾಂಶದ ಮೂಲಕ ಎಲ್ಲ ನಳಿಕೆಗಳಿಂದಲೂ ಕಪ್ಪನ್ನೇ ಸುರಿಸುವ ಪದ್ಧತಿ ಹೀಗೆ ಹುಟ್ಟಿತು. 2010ರಲ್ಲಿ ಎಪ್ಸನ್ ಇಂಡೊನೇಷ್ಯಾದಲ್ಲಿ ಶುರುಮಾಡಿದ ಟ್ಯಾಂಕ್ ಪ್ರಿಂಟರುಗಳು ನಮ್ಮಲ್ಲಿಗೂ ಬಂದ ಮೇಲೆ, ಕಾರ್ಟ್ರಿಜ್ ಚಿಪ್ಪಿನ ಕಾಟವಿಲ್ಲದೆ ಶಾಯಿ ಬದಲಿಸುವುದು ಸಣ್ಣ ಅಂಗಡಿಗೂ ಎಟುಕಿತು. ಆದರೆ ಇಷ್ಟು ಶಾಯಿಯನ್ನು ಬರಿಯ ಪ್ಲಾಸ್ಟಿಕ್ ಹಾಳೆ ಹಿಡಿದಿಡಲಾರದು. ಸೂಕ್ಷ್ಮ ರಂಧ್ರಗಳ ಲೇಪವಿರುವ ಫಿಲ್ಮ್ ಅದನ್ನು ಹರಡಲು ಬಿಡದೆ ಹೀರಿಕೊಂಡಿದ್ದರಿಂದಲೇ ಲಿತ್ ಫಿಲ್ಮಿಗೆ ಸಮೀಪದ ಕಪ್ಪು ಸಾಧ್ಯವಾಯಿತು. ಗೆದ್ದದ್ದು ಶಾಯಿ ಮತ್ತು ಲೇಪ. ಪ್ರಿಂಟರ್ ಅವೆರಡನ್ನು ಕೂಡಿಸಿದ ವಾಹನ.

ಇದಕ್ಕೆ ಆಕ್ಷೇಪಗಳಿವೆ. ಪಾಸಿಟಿವ್ ತೆಳುವಾಗಿದ್ದರೆ ಎಕ್ಸ್‌ಪೋಸ್ ಮಾಡುವ, ಅಂದರೆ ಬೆಳಕಿಗೆ ಒಡ್ಡುವ ಸಮಯ ಕಡಿಮೆ ಮಾಡಿದರಾಯಿತು ಎಂಬುದು ಮೊದಲನೆಯದು. ಐವತ್ತು ವಿಸಿಟಿಂಗ್ ಕಾರ್ಡಿನ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಅಷ್ಟಕ್ಕೆ ಟ್ರೇಸಿಂಗ್ ಪೇಪರೂ ಸಾಕು. ಆದರೆ ಸಮಯ ಕಡಿತವಾದಾಗ ಎಮಲ್ಷನ್ ಪೂರ್ತಿ ಗಟ್ಟಿಯಾಗದೆ, ಸಾವಿರಾರು ಪ್ರತಿಗಳ ಕೆಲಸದಲ್ಲಿ ನಡುವೆಯೇ ಸ್ಕ್ರೀನು ಒಡೆಯುತ್ತದೆ. ಸರಿಯಾದಷ್ಟು ಸಮಯ ಕೊಟ್ಟರೆ ತೆಳುಗಪ್ಪಿನ ಮೂಲಕ ಬೆಳಕು ನುಸುಳಿ ಸಣ್ಣ ಗೆರೆಗಳು ತೊಳೆದುಹೋಗದೆ ಕಟ್ಟಿಕೊಳ್ಳುತ್ತವೆ. ಕನ್ನಡದಲ್ಲಿ ಮುದ್ರಿಸುವವರಿಗೆ ಇದು ಇನ್ನೂ ಹತ್ತಿರದ ನಷ್ಟ: ಮೊದಲು ಮಾಯವಾಗುವುದು ಸಾಲಿನ ಕೆಳಗೆ ಕೂತ ಸಣ್ಣ ಒತ್ತಕ್ಷರ. ಡಿಪಿಐ ಹೆಚ್ಚಿದ್ದರೆ ಗೆರೆ ಹರಿತವಲ್ಲವೇ ಎಂಬುದು ಎರಡನೆಯದು. ಬೂದು ಛಾಯೆಗಳನ್ನು ಚುಕ್ಕಿಗಳಿಂದ ತೋರಿಸುವ ಹಾಫ್‌ಟೋನಿನಲ್ಲಿ ಇಂಚಿಗೆ 45ರಿಂದ 65 ಸಾಲುಗಳಷ್ಟೇ ಈ ಕಸುಬಿನ ಸಾಮಾನ್ಯ ಮಿತಿ. ಬಟ್ಟೆಯ ಎಳೆಗಳ ಸಂಖ್ಯೆ ಅದರ ನಾಲ್ಕೈದು ಪಟ್ಟು ಇರಬೇಕಾದ್ದರಿಂದ ಆ ಮಿತಿ ಹಾಕುವುದು ಪ್ರಿಂಟರಲ್ಲ, ಬಟ್ಟೆ. 1440 ಡಿಪಿಐ ಈ ಕೆಲಸಕ್ಕೆ ಧಾರಾಳ. ಬೂದು ಬಣ್ಣವನ್ನು ಅಚ್ಚುಕಟ್ಟಾದ ಚುಕ್ಕಿಗಳಾಗಿ ಒಡೆಯಲು ಬೇಕಾದದ್ದು ರಿಪ್. ಮೂರನೆಯದು, ಫಿಲ್ಮಿಲ್ಲದೆ ನೇರವಾಗಿ ಸ್ಕ್ರೀನಿನ ಮೇಲೇ ಮೇಣ ಅಥವಾ ಶಾಯಿ ಸಿಂಪಡಿಸುವ ಯಂತ್ರಗಳು ಬಂದಿರುವಾಗ ಈ ಚಿಂತೆ ಏಕೆ ಎಂಬುದು. ಆ ಯಂತ್ರಗಳು ಫಿಲ್ಮನ್ನು ಬಿಟ್ಟಿವೆ, ಕಪ್ಪನ್ನು ಬಿಟ್ಟಿಲ್ಲ. ಅವುಗಳ ಮೇಣವೂ ಅದೇ ಕಿರಣವನ್ನು ತಡೆಯಬೇಕು.

ಹೀಗಾಗಿ ಕೊಳ್ಳುವವರು ಮೊದಲು ತಮ್ಮ ಎಕ್ಸ್‌ಪೋಸಿಂಗ್ ದೀಪವನ್ನು ತಿಳಿದುಕೊಳ್ಳಲಿ: 405 ನ್ಯಾನೊಮೀಟರಿನ ಆಸುಪಾಸಿನ ಎಲ್‌ಇಡಿಯೋ, ಅದಕ್ಕಿಂತ ಕೆಳಗಿನ ಕಿರಣಗಳನ್ನೂ ಬೀರುವ ಹಳೆಯ ದೀಪವೋ ಎಂದು. ಒಂದರಲ್ಲಿ ಚೆನ್ನಾಗಿ ತಡೆಯುವ ಶಾಯಿ ಇನ್ನೊಂದರಲ್ಲಿ ಸೋಲಬಹುದು. ಆ ದೀಪಕ್ಕೆ ತಕ್ಕ ಶಾಯಿ, ಆ ಶಾಯಿಗೆ ತಕ್ಕ ಲೇಪದ ಫಿಲ್ಮ್, ಇವೆರಡನ್ನೂ ನಡೆಸಬಲ್ಲ ಪೀಜೊ ಪ್ರಿಂಟರ್ ಎಂಬ ಕ್ರಮದಲ್ಲಿ ಆಯ್ಕೆ ಸಾಗಲಿ. ಕಪ್ಪನ್ನು ಕಣ್ಣಿನಿಂದ ಅಳೆಯದೆ, ಎಮಲ್ಷನ್ ಪೂರ್ತಿ ಗಟ್ಟಿಯಾಗುವಷ್ಟು ಹೊತ್ತು ಎಕ್ಸ್‌ಪೋಸ್ ಮಾಡಿ, ಅತಿ ಸಣ್ಣ ಒತ್ತಕ್ಷರ ತೊಳೆದು ತೆರೆದುಕೊಳ್ಳುತ್ತದೆಯೇ ಎಂದು ನೋಡಲಿ. ತೆರೆದುಕೊಂಡರೆ ಆ ಪ್ರಿಂಟರ್ ಎಷ್ಟು ಅಗ್ಗದ್ದಾದರೂ ಸರಿಯಾದದ್ದು. ಇಲ್ಲವಾದರೆ ಎಷ್ಟು ದುಬಾರಿಯದಾದರೂ ಈ ಕೆಲಸಕ್ಕೆ ಹೊಂದದ್ದು.